ಹಳೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ತರೂ ಮೊದಲು



ಕಡ್ಲಿ ರಾಶಿ ಮುಗೀತು. ಕುಸುಬಿ ಇನ್ನೂ ಹೊಲದಾಗ ಐತಿ. ಈ ನಡುವಿನ ಹದಿನೈದು ದಿನ ಕೈ ಸ್ವಲ್ಪ ಬಿಡುವಾಗಿರತೈತಿ. ಈ ಸಲದ ಬರಹ ಬಿತ್ತಿದ್ದರದ್ದೂ ಅಲ್ಲ, ರೇಟಿಂದೂ ಅಲ್ಲ. ಹಳೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಕೂಡಿಸಿದ ಸುದ್ದಿ. ರೈತರಿಗೆ ಇದ್ಯಾಕ ಅಂತ ಕೇಳಬ್ಯಾಡ್ರಿ. ಈಗ ನಮ್ಮ ಊರುಗಳಾಗ ಮನಿಗೊಂದು ಹಳೆ ಕಂಪ್ಯೂಟರ್ ಅದಾವ. ಯಾರೋ ಹುಬ್ಬಳ್ಳ್ಯಾಗ ಹೊಸಾದು ತಗೊಂಡು ಹಳೇದನ್ನ ಹುಡುಗರಿಗೆ ಅಂತ ಊರಿಗೆ ಕಳಿಸಿರತಾರ. ಅದು ಕೆಟ್ಟಾಗ ಅಂಗಡಿಯವ "ಒಂದು ಕಾರ್ಡು ಹಾಕಿದ್ರ ಆತು" ಅಂತಾನ. ಯಾವ ಕಾರ್ಡು ಅಂತ ಅವನೂ ನೋಡಿ ಹೇಳೂದಿಲ್ಲ, ನಾವೂ ನೋಡಿ ಕೇಳೂದಿಲ್ಲ. ರೊಕ್ಕ ಹೋಗತೈತಿ.

ಮೊದಲು ಯಾರ ಕಂಪ್ಯೂಟರ್ ಅನ್ನೂದು ಹೇಳತೇನಿ. ನಮ್ಮ ಅಣ್ಣ 2003ರಾಗ ಬಸ್ ಸ್ಟ್ಯಾಂಡ್ ಕಡೆ ಇರೂ ನಮ್ಮ ಹಳೆ ಮನಿಯ ಮುಂದಿನ ಖೋಲ್ಯಾಗ ಡಿಟಿಪಿ ಶುರು ಮಾಡಿದ್ದ. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ, ಒಂದು ಲೇಸರ್ ಪ್ರಿಂಟರ್. ಲಗ್ನಪತ್ರಿಕೆ, ಜಾತ್ರಿ ಪಾಂಪ್ಲೆಟು, ಪಹಣಿ ತಿದ್ದುಪಡಿಗೆ ಅರ್ಜಿ, ಬೆಳೆ ಪರಿಹಾರದ ಅರ್ಜಿ, ಸಂಘದ ಠರಾವು ಎಲ್ಲಾ ಅಲ್ಲೇ ಆಗತಿತ್ತು. ಅಣ್ಣ ತೀರಿಕೊಂಡ ಮ್ಯಾಲೆ ಅಂಗಡಿ ನಡಸಾಕತ್ತಾಕಿ ನಮ್ಮ ವೈನಿ. ಆಕಿಗೆ ಹೊಲದಿಂದ ಬರೂದು ಕಡಿಮಿ. ದಿನದ ಖರ್ಚು ಆ ಖೋಲ್ಯಾಗಿನ ಟೈಪಿಂಗ್ ಮ್ಯಾಲೆ ನಿಂತೈತಿ. ಆ ಡಬ್ಬಿ ನಿಂತ್ರ ಅಂಗಡಿ ನಿಂತಂಗ.

ಇನ್ನೊಂದು ಮಾತು. ಅಣ್ಣ ಆ ಕಂಪ್ಯೂಟರಿನ್ಯಾಗ ಮಳಿ ಲೆಕ್ಕ ಬರದಿಟ್ಟಾನ. ಯಾವ ಮಳಿ ಎಷ್ಟು ದಿನ ಆತು, ಎರಿ ಎಷ್ಟು ಹಸಿ ಇತ್ತು, ಯಾವತ್ತು ಬಿತ್ತಿದ್ವಿ, ಎಕರೆಕ ಎಷ್ಟು ಚೀಲ ಬಂತು, ಎಲ್ಲಾ ನಕ್ಷತ್ರದ ಹೆಸರಿನ್ಯಾಗ. 2009ರಾಗ ಹಸ್ತ ಮಳಿ ಹೊಡದು ಬೆಣ್ಣಿಹಳ್ಳ ಉಕ್ಕಿ ಹೊಲದಾಗ ನೀರು ನಿಂತದ್ದೂ ಅದರಾಗ ಐತಿ. ಅಂಥ ಲೆಕ್ಕ ನಮ್ಮ ಊರಾಗ ಇನ್ನೊಬ್ಬರ ಹತ್ರ ಇಲ್ಲ.

ರೋಗ ಶುರುವಾಗಿದ್ದು ಹಿಂಗ. ಮೊದಲು ಮಾನಿಟರಿನ್ಯಾಗ ಕೆಂಪು ಬಣ್ಣ ಹೋತು. ಎಲ್ಲಾ ಹಸಿರು ನೀಲಿ ಕಾಣತಿತ್ತು. ವೈನಿ ಅದರಾಗೇ ಎರಡು ತಿಂಗಳು ದುಡದಳು, ಅಕ್ಷರ ಕಂಡ್ರ ಸಾಕು ಅಂತ. ಆಮ್ಯಾಲೆ ಒಂದಿನ ಪೂರಾ ಕಪ್ಪಾತು. "ನೋ ಸಿಗ್ನಲ್" ಅಂತ ಬರತೈತಿ. ಆದ್ರ ಫ್ಯಾನ್ ತಿರಗತೈತಿ, ಹಾರ್ಡ್ ಡಿಸ್ಕ್ ಲೈಟ್ ಮಿಣಕತೈತಿ, ಸ್ಪೀಕರಿನ್ಯಾಗ ವಿಂಡೋಸ್ ಶುರುವಾದ ಸಪ್ಪಳಾನೂ ಬರತೈತಿ.

ಈ ಸಪ್ಪಳ ದೊಡ್ಡ ಸುಳಿವು. ಕಂಪ್ಯೂಟರ್ ಕೆಟ್ಟೈತಿ ಅನ್ನೂದಕ್ಕೂ, ಕಂಪ್ಯೂಟರ್ ಚಲೋ ಐತಿ ಆದ್ರ ಮಾರಿ ತೋರಸವಲ್ದು ಅನ್ನೂದಕ್ಕೂ ಫರಕ್ ಐತಿ. ಮೋಟರ್ ತಿರಗತೈತಿ, ನೀರು ಬರವಲ್ದು ಅಂದ್ರ ನಾವು ಮೋಟರ್ ವೈಂಡಿಂಗಿಗೆ ಕಳಸತೇವೇನ್ರಿ? ಮೊದಲು ಪೈಪ್ ನೋಡತೇವಿ, ಫುಟ್‌ವಾಲ್ವ್ ನೋಡತೇವಿ. ಇಲ್ಲೂ ಹಂಗ. ಮಾನಿಟರ್ ಬಿಚ್ಚಿ ಬ್ಯಾರೆ ಕಂಪ್ಯೂಟರಿಗೆ ಹಾಕಿ ನೋಡಿದ್ವಿ, ಚಲೋ ಐತಿ. ಕೇಬಲ್ ಬದಲಿಸಿದ್ವಿ, ಅದ ಕತಿ. ರ್‍ಯಾಮ್ ತಗದು ಅದರ ಬಂಗಾರದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಹಾಕಿದ್ವಿ, ಅದ ಕತಿ. ಅಂದ್ರ ಮದರ್‌ಬೋರ್ಡಿನ್ಯಾಗ ಚಿತ್ರ ಹೊರಗ ಕಳಸೂ ಭಾಗ ಅಷ್ಟೇ ಸತ್ತೈತಿ. ಮೊದಲು ಕೆಂಪು ಒಂದೇ ಹೋದದ್ದಕ್ಕೂ ಇದು ತಾಳೆ ಆಗತೈತಿ. ಹಳೆ ವಿಜಿಎ ಕೇಬಲಿನ್ಯಾಗ ಕೆಂಪು, ಹಸಿರು, ನೀಲಿ ಮೂರೂ ಬ್ಯಾರೆ ಬ್ಯಾರೆ ತಂತಿ ಮ್ಯಾಲೆ ಬರತಾವ.

ಶುರುವಾಗೂ ಹೊತ್ತಿಗೆ ಬೀಪ್ ಸಪ್ಪಳ ಬಂದ್ರ ಅದನ್ನೂ ಎಣಸ್ರಿ. ಅವಾರ್ಡ್ ಬಯಾಸ್ ಇರೂ ಬೋರ್ಡಿನ್ಯಾಗ ಒಂದು ಉದ್ದ ಎರಡು ಗಿಡ್ಡ ಅಂದ್ರ ಡಿಸ್‌ಪ್ಲೇ ತೊಂದರಿ. ಎಎಂಐ ಬಯಾಸಿನ್ಯಾಗ ಎಂಟು ಬೀಪ್ ಅಂದ್ರ ಡಿಸ್‌ಪ್ಲೇ ಮೆಮರಿ ತೊಂದರಿ. ನಮ್ಮದರಾಗ ಬೀಪ್ ಬರಲಿಲ್ಲ. ಬೋರ್ಡಿಗೆ ತನ್ನ ಡಿಸ್‌ಪ್ಲೇ ಕೆಟ್ಟದ್ದು ಗೊತ್ತೇ ಆಗಿದ್ದಿಲ್ಲ.

ರಿಪೇರಿಗೆ ಕೈ ಹಚ್ಚೂ ಮೊದಲು ನಾ ಮಾಡಿಸಿದ ಕೆಲಸ ಹಾರ್ಡ್ ಡಿಸ್ಕ್ ಹೊರಗ ತಗಸಿದ್ದು. ಇದನ್ನ ಎಲ್ಲಾರೂ ನೆನಪಿಡ್ರಿ. ಅಗಲ ಪಟ್ಟಿ ಕೇಬಲಿನ 40 ಪಿನ್ನಿನ ಹಳೆ ಡಿಸ್ಕ್ ಇದ್ರೂ ಯುಎಸ್‌ಬಿಗೆ ಜೋಡಸೂ ಅಡಾಪ್ಟರ್ ಸಿಗತೈತಿ. ಅದರಿಂದ ಅಣ್ಣನ ಫೈಲು ಎಲ್ಲಾ ಎರಡು ಪೆನ್‌ಡ್ರೈವಿಗೆ ಇಳಿಸಿದ್ವಿ. ಒಂದು ವೈನಿ ಟ್ರಂಕಿನ್ಯಾಗ, ಒಂದು ನನ್ನ ಕಡೆ. ಇಳಿಸಿದ್ರ ಮುಗೀಲಿಲ್ಲ. ಆಗಿನ ನುಡಿ ಫೈಲು ಯೂನಿಕೋಡ್ ಅಲ್ಲ. ಹೊಸ ಮೊಬೈಲಿನ್ಯಾಗ ತಗದ್ರ ಕನ್ನಡದ ಬದಲಿ ಇಂಗ್ಲಿಷ್ ಅಕ್ಷರದ ಗೊಜಮೊಜಲು ಕಾಣತೈತಿ. ಹೆದರಬ್ಯಾಡ್ರಿ, ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಜೋಡಿನೇ ಬರೂ ಪರಿವರ್ತಕದಾಗ ಹಾಕಿದ್ರ ಯೂನಿಕೋಡ್ ಆಗತೈತಿ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪಿರತಾವ, ಕೂತು ತಿದ್ದಬೇಕು. ಮಳಿ ಲೆಕ್ಕ ಹಿಂಗ ಉಳೀತು.

ಹಂಗಾರ ಹಳೆ ಡಬ್ಬಿ ಯಾಕ ಬೇಕು, ಹೊಸಾದು ತರ್ರಿ ಅಂತ ಅಣ್ಣನ ಮಗ ಅಂದ. ಅವನ ಮಾತೂ ಖರೆ. ಆದ್ರ ವೈನಿ ಲೆಕ್ಕ ಬ್ಯಾರೆ. ಆ ಪ್ರಿಂಟರ್ ಹಿಂದಿನ ದಪ್ಪ ಪ್ಯಾರಲಲ್ ಪೋರ್ಟಿಗೆ ಹತ್ತೂದು. ಹೊಸ ಕಂಪ್ಯೂಟರಿಗೆ ಆ ಪೋರ್ಟೇ ಇಲ್ಲ. ಇಪ್ಪತ್ತು ವರ್ಷದ ಪತ್ರಿಕೆ ನಮೂನೆ ಎಲ್ಲಾ ಪೇಜ್‌ಮೇಕರಿನ್ಯಾಗ ಅದಾವ. ಹೊಸ ಕಂಪ್ಯೂಟರ್, ಹೊಸ ಪ್ರಿಂಟರ್, ಎಲ್ಲಾ ಕೂಡಿ ಅಂಗಡಿಯವ ಹೇಳಿದ ಬೆಲಿ ಆಕಿಯ ಒಂದು ವರ್ಷದ ದುಡಿಮಿ. "ಇದ ನಡದ್ರ ನಡೀಲಿ, ನಿಧಾನಕ ಹೊಸಾದು ನೋಡೂಣು" ಅಂದಳು. ಆ ಮಾತಿನ ಮ್ಯಾಲೆ ರಿಪೇರಿ ಅಂತ ಠರಾಯಿಸಿದ್ವಿ.

ಹುಡುಗ ಹುಬ್ಬಳ್ಳಿಗೆ ಹೋಗಿ ಒಂದು ಅಂಗಡ್ಯಾಗ ಕೇಳಿದ. ಪೆಂಟಿಯಂ 4, ಡಿಸ್‌ಪ್ಲೇ ಇಲ್ಲ ಅಂದ. ಅಂಗಡಿಯವ ಬೋರ್ಡ್ ಯಾವುದು ಅಂತ ಕೇಳದ "ಪಿ4 ಅಂದ್ರ ಎಜಿಪಿ ಕಾರ್ಡು" ಅಂತ ಜಿಫೋರ್ಸ್ ಎಫ್‌ಎಕ್ಸ್ 5200 ಕೊಟ್ಟ. ಊರಿಗೆ ತಂದು ಡಬ್ಬಿ ಬಿಚ್ಚಿ ನೋಡಿದ್ರ, "ಕಾಕಾ, ಇದು ಎಲ್ಲೂ ಕುಂದ್ರವಲ್ದು" ಅಂದ. ಅಲ್ಲೇ ಇದ್ದ ಒಬ್ಬಾಂವ "ಸ್ವಲ್ಪ ಒತ್ತಿ ಕುಂದ್ರಸಪಾ" ಅಂದ. ನಾ ಬ್ಯಾಡ ಅಂದೆ. ಕುಂದ್ರಲಾರದ್ದನ್ನ ಒತ್ತಿದ್ರ ಕಾರ್ಡೂ ಹೋಗತೈತಿ, ಬೋರ್ಡೂ ಹೋಗತೈತಿ. ವಾಪಸ್ ಕೊಡಾಕ ಹೋದ್ರ ಒಮ್ಮಿ ಮಾರಿದ್ದು ತಗೊಳ್ಳೂದಿಲ್ಲ ಅಂದ್ರು. 900 ರೂಪಾಯಿ ಹೋತು.

ಕಾರಣ ತಿಳೀಬೇಕಂದ್ರ ಬೋರ್ಡಿನ ಮ್ಯಾಲೆ ಇರೂ ಸ್ಲಾಟು ನೋಡಬೇಕು. ಮೂರು ತಲೆಮಾರು ಅದಾವ.

ಮೊದಲನೇದು ಪಿಸಿಐ. ಇಂಟೆಲ್ ಕಂಪನಿ 1992ರಾಗ ತಂದದ್ದು. ಬಹಳ ಮಾಡಿ ಬಿಳಿ ಬಣ್ಣ, ಎರಡೋ ಮೂರೋ ಸಾಲಾಗಿ ಇರತಾವ. ಎರಡನೇದು ಎಜಿಪಿ, 1997ರಿಂದ ಬಂತು, ಗ್ರಾಫಿಕ್ಸ್ ಕಾರ್ಡಿಗೆ ಅಂತನೇ. ಬಹಳ ಮಾಡಿ ಕಂದು ಬಣ್ಣ, ಒಂದೇ ಇರತೈತಿ, ಪಿಸಿಐ ಸಾಲಿಗಿಂತ ಸ್ವಲ್ಪ ಒಳಗ ಸರದಿರತೈತಿ. ಮೂರನೇದು ಪಿಸಿಐ ಎಕ್ಸ್‌ಪ್ರೆಸ್. 2004ರಿಂದ ಬೋರ್ಡುಗಳ ಮ್ಯಾಲೆ ಬಂತು, ಇವತ್ತಿಗೂ ಅದ ನಡದೈತಿ. ಉದ್ದ ಸ್ಲಾಟು, ಬಹಳಷ್ಟು ಬೋರ್ಡಿನ್ಯಾಗ ತುದಿಗೆ ಕಾರ್ಡು ಹಿಡಿಯೂ ಕೊಕ್ಕಿ ಇರತೈತಿ. ಹೆಸರು ಒಂದೇ ಥರ ಕೇಳಸ್ತೈತಿ ಅಂತ ಪಿಸಿಐ, ಪಿಸಿಐ ಎಕ್ಸ್‌ಪ್ರೆಸ್ ಒಂದೇ ಅನಕೋಬ್ಯಾಡ್ರಿ. ಒಂದರ ಕಾರ್ಡು ಇನ್ನೊಂದರಾಗ ಹೋಗೂದಿಲ್ಲ.

ಇದು ಕಾಲುವಿ ಇದ್ದಂಗ. ಪಿಸಿಐ ಅಂದ್ರ ಹೊಲಗಾಲುವಿ, ಸೆಕೆಂಡಿಗೆ 133 ಎಂಬಿ, ಅದನ್ನೂ ಎಲ್ಲಾ ಸ್ಲಾಟಿನವರು ಹಂಚಿಕೋಬೇಕು. ಎಜಿಪಿ 8ಎಕ್ಸ್ ಅಂದ್ರ ಉಪಕಾಲುವಿ, ಸುಮಾರು 2,100 ಎಂಬಿ. ಪಿಸಿಐ ಎಕ್ಸ್‌ಪ್ರೆಸ್ ಮೊದಲನೇ ಆವೃತ್ತಿಯ ಉದ್ದ ಸ್ಲಾಟು ಅಂದ್ರ ದೊಡ್ಡ ಕಾಲುವಿ, ಒಂದು ದಿಕ್ಕಿಗೆ 4,000 ಎಂಬಿ.

ವೈನಿ ಕಂಪ್ಯೂಟರಿನ ಬೋರ್ಡ್ ಮ್ಯಾಲೆ ಇಂಟೆಲ್ 845ಜಿವಿ ಚಿಪ್‌ಸೆಟ್ ಐತಿ, 2002ರದ್ದು. 845ಜಿ ಅನ್ನೂದರಾಗ ಒಳಗೂ ಗ್ರಾಫಿಕ್ಸ್ ಇರತೈತಿ, ಹೊರಗ ಎಜಿಪಿ ಹಚ್ಚಾಕೂ ದಾರಿ ಇರತೈತಿ. 845ಜಿವಿ ಅನ್ನೂದು ಅದರ ಸೋವಿ ತಮ್ಮ. ಒಳಗ ಗ್ರಾಫಿಕ್ಸ್ ಐತಿ, ಎಜಿಪಿ ಇಲ್ಲ. ಒಂದೇ ಒಂದು ಅಕ್ಷರದ ಫರಕು. ಹಂಗಾಗಿ ನಮ್ಮ ಬೋರ್ಡಿನ್ಯಾಗ ಬಿಳಿ ಪಿಸಿಐ ಸ್ಲಾಟು ಅಷ್ಟೇ ಇದ್ದವು. ಇಂಥ ಬೋರ್ಡಿಗೆ ಪಿಸಿಐ ಕಾರ್ಡು ಒಂದೇ ದಾರಿ.

ಇಲ್ಲಿ ಒಂದು ಮೋಜು ನೋಡ್ರಿ. ಎಫ್‌ಎಕ್ಸ್ 5200 ಅನ್ನೂ ಅದೇ ಹೆಸರಿನ ಕಾರ್ಡು ಎಜಿಪಿ ಒಳಗೂ ಬಂದೈತಿ, ಪಿಸಿಐ ಒಳಗೂ ಬಂದೈತಿ. ಅಂದ್ರ ಹೆಸರು ಕೇಳಿ ತಂದ್ರೂ ಉಪಯೋಗ ಇಲ್ಲ. ಟ್ರ್ಯಾಕ್ಟರಿನ ಪಿನ್ನಿನಂಗ ಇದು. ಒಂದನೇ ಕೆಟಗರಿಯ ಕೆಳಗಿನ ಲಿಂಕಿನ ಪಿನ್ 22 ಮಿಮೀ, ಎರಡನೇದರದ್ದು 28 ಮಿಮೀ. ನೇಗಿಲ ಹೆಸರು ಒಂದೇ ಇದ್ರೂ ಪಿನ್ ಬ್ಯಾರೆ ಇದ್ರ ಟ್ರ್ಯಾಕ್ಟರಿಗೆ ಹತ್ತೂದಿಲ್ಲ. ಪಿನ್ ಅಳತಿ ನೋಡಲಾರದ ಯಾವ ರೈತನೂ ನೇಗಿಲ ತರೂದಿಲ್ಲ.

ಎಜಿಪಿ ಸ್ಲಾಟು ಇದ್ದವರು ಇನ್ನೂ ಹುಷಾರ್ ಇರಬೇಕು. ಎಜಿಪಿ ಒಳಗ ವೋಲ್ಟೇಜ್ ಬ್ಯಾರೆ ಬ್ಯಾರೆ. ಮೊದಲಿನವು 3.3 ವೋಲ್ಟ್, 4ಎಕ್ಸ್ ಕಾಲದವು 1.5 ವೋಲ್ಟ್, 8ಎಕ್ಸ್ ಸಿಗ್ನಲ್ 0.8 ವೋಲ್ಟ್. ಕಾರ್ಡಿನ ಬಂಗಾರದ ಅಂಚಿನ್ಯಾಗ ಕಚ್ಚು ಇರತೈತಿ. ಹಿಂದಿನ ಲೋಹದ ಪಟ್ಟಿಗೆ ಹತ್ರ ಇರೂ ಕಚ್ಚು 3.3 ವೋಲ್ಟಿಂದು, ದೂರ ಇರೂದು 1.5 ವೋಲ್ಟಿಂದು. ಎರಡೂ ಕಚ್ಚು ಇದ್ರ ಎರಡಕ್ಕೂ ನಡೀತೈತಿ ಅಂತ ಅರ್ಥ. ಆದ್ರ ಕೆಲವು ಹಳೆ ಕಾರ್ಡಿಗೆ ಕಚ್ಚು ತಪ್ಪು ಕೊರದಿದ್ರು. 845 ಥರದ 1.5 ವೋಲ್ಟ್ ಬೋರ್ಡಿಗೆ ಅಂಥ 3.3 ವೋಲ್ಟ್ ಕಾರ್ಡು ಹಾಕಿದ್ರ ಬೋರ್ಡ್ ಸುಡತೈತಿ. ಸಿಂಗಲ್ ಫೇಸ್ ಮೋಟರಿಗೆ ತ್ರೀ ಫೇಸ್ ಕೊಟ್ಟಂಗ.

ಕಡೀಕ ಗುಜರಿ ಸಾಮಾನಿನವರ ಕಡೆ ಪಿಸಿಐದು ಎಫ್‌ಎಕ್ಸ್ 5200 ಸಿಕ್ತು, 128 ಎಂಬಿ, 350 ರೂಪಾಯಿ. ಅಂಚಿನ್ಯಾಗ ಎರಡು ಕಚ್ಚು ಇದ್ದವು, ಅಂದ್ರ ನಮ್ಮ 5 ವೋಲ್ಟ್ ಪಿಸಿಐ ಸ್ಲಾಟಿಗೆ ಹೊಂದತೈತಿ. ಅದಕ್ಕ ಬ್ಯಾರೆ ಪವರ್ ವೈರ್ ಬೇಕಾಗಿಲ್ಲ. ಪಿಸಿಐ ಸ್ಲಾಟು ಒಂದು ಕಾರ್ಡಿಗೆ 25 ವ್ಯಾಟ್ ತನಕ ಕೊಡತೈತಿ, ಈ ಕಾರ್ಡಿಗೆ ಅಷ್ಟರಾಗ ಸಾಕು.

ಹಾಕೂ ಮೊದಲು ಟಾರ್ಚ್ ಹಿಡದು ಬೋರ್ಡ್ ನೋಡಿದ್ವಿ. ಸಣ್ಣ ಡಬ್ಬಿಯಂಥ ಕೆಪಾಸಿಟರ್ ಇರತಾವಲ್ರಿ, ಅವುಗಳ ತಲಿ ಉಬ್ಬಿದ್ರ, ಕಂದು ರಸ ಬಂದಿದ್ರ ಕಾರ್ಡು ಹಾಕಿ ಉಪಯೋಗ ಇಲ್ಲ. 2000ದ ಆಸುಪಾಸಿನಿಂದ ಒಂದಿಷ್ಟು ವರ್ಷ ಜಗತ್ತಿನ ತುಂಬ ಇಂಥ ಖೊಟ್ಟಿ ಕೆಪಾಸಿಟರ್ ಬಂದು ಲೆಕ್ಕ ಇಲ್ಲದಷ್ಟು ಬೋರ್ಡು ಸತ್ತವು. ನಮ್ಮದರಾಗ ಎರಡು ಉಬ್ಬಿದ್ದವು. ಟಿವಿ ರಿಪೇರಿಯವರ ಕಡೆ ಅದೇ ಅಳತಿದು ಹಾಕಿಸಿದ್ವಿ. ಪ್ಲಗ್ ಕಿತ್ತು, ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ ಮೈಯಾಗಿನ ಕರೆಂಟು ಇಳಿಸಿ, ಆಮ್ಯಾಲೆ ಕಾರ್ಡು ಕೂಡಿಸಿದ್ವಿ. ಮಾನಿಟರ್ ಕೇಬಲ್ ಹಳೆ ಜಾಗಾದಿಂದ ಕಿತ್ತು ಹೊಸ ಕಾರ್ಡಿಗೆ ಹಚ್ಚಿದ್ವಿ.

ಚಾಲೂ ಮಾಡಿದ್ವಿ. ಮತ್ತ ಕಪ್ಪು.

ಹುಡುಗ ಕಾರ್ಡೇ ಕೆಟ್ಟೈತಿ ಅಂದ. ಆದ್ರ ಅದರ ಮೊದಲು ನೋಡೂದೊಂದು ಉಳದಿತ್ತು. ಬಯಾಸಿನ್ಯಾಗ ಮೊದಲು ಯಾವ ಡಿಸ್‌ಪ್ಲೇ ಚಾಲೂ ಮಾಡಬೇಕು ಅನ್ನೂ ಸೆಟಿಂಗ್ ಇರತೈತಿ. ಅದು ಒಳಗಿನದಕ್ಕ ನಿಂತಿದ್ರ ಹೊಸ ಕಾರ್ಡು ಸುಮ್ಮನ ಕೂತಿರತೈತಿ. ಬಯಾಸಿಗೆ ಹೋಗಿ ಬದಲಿಸಬೇಕಂದ್ರ ಪರದೆ ಬೇಕು, ಪರದೆನೇ ಇಲ್ಲ. ಬೀಗದ ಕೈ ಬೀಗದ ಒಳಗ ಇದ್ದಂಗ ಆತು. ಇದಕ್ಕ ಹಾದಿ ಐತಿ. ಪ್ಲಗ್ ಕಿತ್ತು, ಬೋರ್ಡಿನ ಮ್ಯಾಲಿನ ದುಂಡನ ಸಿಆರ್ 2032 ಬ್ಯಾಟರಿ ತಗದು ಹತ್ತು ನಿಮಿಷ ಬಿಟ್ವಿ. ಸೆಟಿಂಗ್ ಎಲ್ಲಾ ಕಂಪನಿ ಕೊಟ್ಟಂಗ ಮೊದಲಿನದಕ್ಕ ಬರತಾವ. ಹೊಸ ಬ್ಯಾಟರಿ ಹಾಕಿ ಚಾಲೂ ಮಾಡಿದ್ವಿ. ಈ ಸಲ ಬಿಳಿ ಅಕ್ಷರ ಬಂದವು. ತಾರೀಖು ಹಿಂದಕ್ಕ ಹೋಗಿತ್ತು, ಅದನ್ನ ಸರಿಮಾಡಿ, ಮೊದಲ ಡಿಸ್‌ಪ್ಲೇ ಪಿಸಿಐ ಅಂತ ಕಾಯಂ ಇಟ್ವಿ.

ವಿಂಡೋಸ್ ಬಂತು, ಆದ್ರ ಅಕ್ಷರ ದಪ್ಪ ದಪ್ಪ, ಬಣ್ಣ ಹದಿನಾರು. ಇದು ಡ್ರೈವರ್ ಇಲ್ಲದ್ದಕ್ಕ. ಇವತ್ತಿನ ಡ್ರೈವರ್ ಹಾಕಿದ್ರ ಆ ಕಾಲದ ಕಾರ್ಡಿನ ಗುರುತು ಅದಕ್ಕ ಇರೂದಿಲ್ಲ. ಎಕ್ಸ್‌ಪಿಗೆ, ಎಫ್‌ಎಕ್ಸ್ ಸರಣಿಗೆ ಅಂತ ಇರೂ ಹಳೆ ಡ್ರೈವರೇ ಬೇಕು. ಅದನ್ನ ಬ್ಯಾರೆ ಕಂಪ್ಯೂಟರಿನ್ಯಾಗ ಇಳಿಸಿ, ವೈರಸ್ ನೋಡಿ, ಪೆನ್‌ಡ್ರೈವಿನ್ಯಾಗ ತಂದ್ವಿ. ಒಳಗಿನ ಇಂಟೆಲ್ ಗ್ರಾಫಿಕ್ಸನ್ನ ಡಿವೈಸ್ ಮ್ಯಾನೇಜರಿನ್ಯಾಗ ಬಂದ್ ಮಾಡಿದ್ವಿ, ಎರಡೂ ಕೂಡಿ ಜಗಳ ಆಡಬಾರದು ಅಂತ. ಮತ್ತೊಮ್ಮಿ ಚಾಲೂ ಮಾಡಿದಾಗ ಬಣ್ಣ ಪೂರಾ ಬಂತು, ಕೆಂಪೂ ಬಂತು. ವೈನಿ ಮೊದಲು ತಗದಿದ್ದು ಒಂದು ಲಗ್ನಪತ್ರಿಕಿ. ಕುಂಕುಮದ ಬಣ್ಣ ನೋಡಿ ಏನೂ ಮಾತಾಡಲಿಲ್ಲ, ಸೆರಗಿನಿಂದ ಮಾನಿಟರ್ ಒರಿಸಿ ಟೈಪ್ ಮಾಡಾಕ ಕೂತಳು.

ಆ ಕಂಪ್ಯೂಟರಿಗೆ ಇಂಟರ್ನೆಟ್ ಹಚ್ಚಿಲ್ಲ, ಹಚ್ಚೂದೂ ಇಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿ 2014ರ ಏಪ್ರಿಲ್ 8ಕ್ಕ ರಕ್ಷಣೆ ನಿಲ್ಲಿಸೇತಿ. ಆನ್‌ಲೈನ್ ಅರ್ಜಿ ಎಲ್ಲಾ ಮೊಬೈಲಿನ್ಯಾಗ, ಟೈಪಿಂಗ್ ಪ್ರಿಂಟಿಂಗ್ ಅಷ್ಟೇ ಇದರಾಗ.

ಇನ್ನ ನಿಮ್ಮ ಮನ್ಯಾಗಿನ ಕಂಪ್ಯೂಟರ್ ಇಷ್ಟು ಹಳೇದಿರಲಿಕ್ಕಿಲ್ಲ. 2007-08ರ ನಂತರದ ಜಿ31 ಥರದ ಬೋರ್ಡಿದ್ರ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಇರತೈತಿ. ಹೊಸ ಆವೃತ್ತಿ ಕಾರ್ಡೂ ಹಳೆ ಸ್ಲಾಟಿನ್ಯಾಗ ಕುಂದರತೈತಿ, ಹಳೆ ವೇಗಕ್ಕ ಇಳದು ನಡೀತೈತಿ. ಆದ್ರ ನಾಕು ಸಂಗತಿ ನೋಡ್ರಿ.

ಒಂದು, ಎಸ್‌ಎಂಪಿಎಸ್. ಉದ್ದ ಸ್ಲಾಟು 75 ವ್ಯಾಟ್ ತನಕ ಕೊಡತೈತಿ. ಅದಕ್ಕಿಂತ ಹೆಚ್ಚು ಬೇಕಂದ್ರ ಕಾರ್ಡಿಗೆ 6 ಪಿನ್ ಅಥವಾ 8 ಪಿನ್ ವೈರ್ ಬೇಕು. ಸೋವಿ ಎಸ್‌ಎಂಪಿಎಸ್ ಮ್ಯಾಲೆ 450 ವ್ಯಾಟ್ ಅಂತ ಬರದಿದ್ರೂ ನಂಬಬ್ಯಾಡ್ರಿ, 12 ವೋಲ್ಟಿನ ಮುಂದ ಎಷ್ಟು ಆಂಪಿಯರ್ ಅಂತ ಓದ್ರಿ. ಸಣ್ಣ ಟ್ರ್ಯಾಕ್ಟರಿಗೆ ಏಳು ಫೂಟಿನ ರೋಟವೇಟರ್ ಹಚ್ಚಿದ್ರ ಹೊಲದ ನಡುವ ನಿಲ್ಲತೈತಿ. ಜಿಟಿ 710 ಥರದ ಕಾರ್ಡಿಗೆ 19 ವ್ಯಾಟ್, ಜಿಟಿ 1030ಕ್ಕ 30 ವ್ಯಾಟ್ ಸಾಕು.

ಎರಡು, ಮಾನಿಟರ್. ಹಳೆ ಮಾನಿಟರಿಗೆ ನೀಲಿ ವಿಜಿಎ ಕೇಬಲ್ ಒಂದೇ. ಜಿಟಿ 1030 ಕಾರ್ಡಿನ್ಯಾಗ ಸಾಮಾನ್ಯವಾಗಿ ಎಚ್‌ಡಿಎಂಐ, ಡಿವಿಐ-ಡಿ ಅಷ್ಟೇ ಇರತಾವ. ಡಿವಿಐ-ಡಿಗೆ ಐವತ್ತು ರೂಪಾಯಿ ಜೋಡಕ ಹಚ್ಚಿದ್ರ ವಿಜಿಎ ಬರೂದಿಲ್ಲ. ಚಪ್ಪಟಿ ಪಿನ್ನಿನ ಸುತ್ತ ನಾಕು ತೂತು ಇದ್ರ ಮಾತ್ರ ಬರತೈತಿ, ಅದು ಡಿವಿಐ-ಐ. ಇಲ್ಲಂದ್ರ ಒಳಗ ಚಿಪ್ ಇರೂ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಬೇಕು.

ಮೂರು, ಬಯಾಸ್ ಮತ್ತ ವಿಂಡೋಸ್. ತೀರಾ ಹೊಸ ಕಾರ್ಡುಗಳೊಳಗ ಕೆಲವು ಹಳೆ ಬಯಾಸ್ ಜೋಡಿ ಚಾಲೂ ಆಗೂದಿಲ್ಲ. ಜಿಟಿ 1030ಕ್ಕ ಎಕ್ಸ್‌ಪಿ ಡ್ರೈವರೇ ಇಲ್ಲ. ನಿಮ್ಮ ಕಡೆ ಇರೂ ವಿಂಡೋಸಿಗೆ ಡ್ರೈವರ್ ಐತೋ ಇಲ್ಲೋ ನೋಡಿನೇ ರೊಕ್ಕ ಕೊಡ್ರಿ.

ನಾಕು, ಜಾಗಾ. ತೆಳ್ಳನ ಕ್ಯಾಬಿನೆಟ್ಟಿಗೆ ಗಿಡ್ಡ ಕಾರ್ಡು, ಗಿಡ್ಡ ಪಟ್ಟಿ ಬೇಕು. ಆಫೀಸಿಂದ ಬಂದ ಹಳೆ ಕಂಪ್ಯೂಟರ್ ಬಹಳಷ್ಟು ಇಂಥವ.

ಅಂಗಡಿಗೆ ಹೋಗೂ ಮೊದಲು ಕಂಪ್ಯೂಟರ್ ಬಿಚ್ಚಿ ಮೂರು ಫೋಟೋ ಹೊಡಕೊಂಡು ಹೋಗ್ರಿ: ಬೋರ್ಡಿನ ಮ್ಯಾಲೆ ಬರದ ಹೆಸರು, ಸ್ಲಾಟುಗಳ ಸಾಲು, ಎಸ್‌ಎಂಪಿಎಸ್ ಮ್ಯಾಲಿನ ಚೀಟಿ. ಕೂಡಲಿಲ್ಲಂದ್ರ ವಾಪಸ್ ತಗೊಳ್ಳತೇನಿ ಅಂತ ಬಿಲ್ಲಿನ ಮ್ಯಾಲೆ ಬರಸ್ರಿ. ಬೀಜದ ಪಾಕೀಟಿನ ಬಿಲ್ ನಾವು ಹೆಂಗ ಜೋಪಾನ ಇಡತೇವಿ, ಹಂಗ.

ಕೆಲಸ ಮುಗದ ಮ್ಯಾಲೆ ಲೆಕ್ಕ ಹಾಕಿದ್ರ ಕಾರ್ಡು 350, ಕೆಪಾಸಿಟರ್ ಮತ್ತ ಕೂಲಿ 150, ಬ್ಯಾಟರಿ 30, ಅಡಾಪ್ಟರ್ 400. ಕೂಡಲಾರದ ಆ ಎಜಿಪಿ ಕಾರ್ಡು 900. ಎಲ್ಲಾಕ್ಕಿಂತ ತುಟ್ಟಿ ಆಗಿದ್ದು ಉಪಯೋಗಕ್ಕ ಬರಲಾರದ್ದ. ಈ ಮಷೀನ್ ಇನ್ನ ಎಷ್ಟು ವರ್ಷ ನಡೀತೈತಿ ಅಂತ ಯಾರೂ ಹೇಳಾಕ ಬರೂದಿಲ್ಲ. ಅದಕ್ಕ ವೈನಿ ತಿಂಗಳಾ 500 ರೂಪಾಯಿ ಹೊಸ ಕಂಪ್ಯೂಟರಿಗೆ ಅಂತ ಸಂಘದಾಗ ಕಟ್ಟಾಕತ್ತಾಳ. ಹಳೇದು ನಡಿಯೂದು ಅಂದ್ರ ಹೊಸಾದಕ್ಕ ತಯಾರಾಗಾಕ ಸಿಗೂ ಟೈಮು, ಅಷ್ಟೇ.

ನಿಮ್ಮ ಅಟ್ಟದ ಮ್ಯಾಲೆ ಹಳೆ ಕಂಪ್ಯೂಟರ್ ಬಿದ್ದಿದ್ರ ಕಿಲೋ ಲೆಕ್ಕದಾಗ ಗುಜರಿಗೆ ಹಾಕೂ ಮೊದಲು ಬಿಚ್ಚಿ ನೋಡ್ರಿ. ಬಿಳಿ ಸ್ಲಾಟಿನ ಕಾರ್ಡು ಇದ್ರ ತಗದಿಡ್ರಿ, ಅಣ್ಣಿಗೇರಿ ಸಂತಿಗೆ ಬಂದಾಗ ತರ್ರಿ. ಅದಕ್ಕಿಂತ ಮೊದಲು ಡಿಸ್ಕಿನ್ಯಾಗ ಏನೈತಿ ನೋಡ್ರಿ. ನಿಮ್ಮ ಮನಿಯ ಹಿರೇರೂ ಏನರೆ ಬರದಿಟ್ಟಿರಬಹುದು. ಅಣ್ಣನ ಮಳಿ ಲೆಕ್ಕ ತಿದ್ದಿ ಮುಗದ ಮ್ಯಾಲೆ ರೋಹಿಣಿ ಮಳಿ ಹೊತ್ತಿಗೆ ವರ್ಷ ವರ್ಷದ್ದು ಇಲ್ಲೇ ಹಾಕತೇನಿ. ಬಿತ್ತೂದಕ್ಕ ಎಲ್ಲಾರಿಗೂ ಉಪಯೋಗ ಆದೀತು.